ಅಂಚೆಕಾರ್ಡಿನ ಮೇಲೆ ಹಾಗಲವಾಡಿಯ ಮಳೆ

ಹಾಗಲವಾಡಿಯ ಗೆಳೆಯರೇ,

ಮಳೆ ಬಿದ್ದ ದಿನಗಳನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತೀರಿ, ಆದರೆ ಮನೆಯಲ್ಲಿ ಯಾರೂ ಅದನ್ನು ತೆರೆದು ನೋಡುವುದಿಲ್ಲ ಎಂದಿದ್ದೀರಿ. ಆ ಡೈರಿ ಚಿತ್ರವಾಗಲಿ ಎಂಬ ಆಸೆಯಿಂದ ಈ ಕಾಗದ ಬರೆಯುತ್ತಿದ್ದೇನೆ.

ಹೀಗೆ ದಿನದಿನದ ಲೆಕ್ಕವನ್ನು ಚಿತ್ರವಾಗಿಸಿದ ಇಬ್ಬರಿದ್ದಾರೆ. ಜಾರ್ಜಿಯಾ ಲೂಪಿ ಇಟಲಿಯಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದವರು. ಸ್ಟೆಫನಿ ಪೊಸಾವೆಕ್ ಅಮೆರಿಕದಿಂದ ಬಂದು ಲಂಡನ್ನಿನಲ್ಲಿ. ಒಂದಿಡೀ ವರ್ಷ ಇಬ್ಬರೂ ವಾರಕ್ಕೊಂದು ಕಾರ್ಡು ಬರೆದು ಅಂಚೆಗೆ ಹಾಕಿದರು, ಒಬ್ಬೊಬ್ಬರದು 52. ಮೊದಲ ವಾರ ಗಡಿಯಾರ ನೋಡಿದ ಲೆಕ್ಕ, ಆಮೇಲೆ ಗೊಣಗಿದ್ದರ, ನಕ್ಕಿದ್ದರ ಲೆಕ್ಕ. ಒಂದು ಬದಿಗೆ ಗೆರೆ, ಚುಕ್ಕಿ, ಬಣ್ಣ. ಇನ್ನೊಂದು ಬದಿಗೆ ವಿಳಾಸ, ಜೊತೆಗೆ ಚಿತ್ರವನ್ನು ಓದುವುದು ಹೇಗೆಂಬ ವಿವರ. ‘ಡಿಯರ್ ಡೇಟಾ’ ಹೆಸರಿನಲ್ಲಿ ಅದು 2016ರಲ್ಲಿ ಪುಸ್ತಕವಾಯಿತು. ಮೂಲ ಕಾರ್ಡುಗಳು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ನನಗೆ ಹಿಡಿಸಿದ್ದು ಆ ಹಿಂಬದಿ. ಓದುವ ದಾರಿ ತಿಳಿಸದಿದ್ದರೆ ಅದು ಬರೀ ಅಲಂಕಾರವಾಗಿ ಉಳಿಯುತ್ತಿತ್ತು.

ನಮ್ಮ ಕಾರ್ಡಿಗೆ ಮನೆ ಹಾಕಿಕೊಡಲು ನಕ್ಷತ್ರಗಳೇ ಇವೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿಯಿಂದ ಹಿಡಿದು 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಕಾರ್ಡಿನಲ್ಲಿ 27 ಮನೆ ಗೀಚಿ, ದಿನಕ್ಕೊಂದು ಚುಕ್ಕಿ ಇಡಿ. ಮಳೆ ಹೆಚ್ಚಿದಷ್ಟೂ ಚುಕ್ಕಿ ದಪ್ಪ. ಮಳೆ ಬಾರದ ದಿನ ಖಾಲಿ ಬಿಡಿ. ಬರೆಯಲು ಮರೆತ ದಿನಕ್ಕೆ ಒಂದು ಅಡ್ಡಗೆರೆ ಎಳೆಯಿರಿ, ಏಕೆಂದರೆ ಮಳೆ ಇಲ್ಲದ್ದು ಬೇರೆ, ಬರೆಯದೇ ಹೋದದ್ದು ಬೇರೆ.

ಇದರ ಮೇಲೆ ಸರ್ಕಾರದ ಲೆಕ್ಕವನ್ನೂ ಕೂರಿಸಬಹುದು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಹೋಬಳಿವಾರು, ಪಂಚಾಯಿತಿವಾರು ಮಳೆಯ ಅಂಕಿ ಅಲ್ಲಿ ಸಿಗುತ್ತದೆ. ನಿಮ್ಮ ಚುಕ್ಕಿ ನೀಲಿಯಲ್ಲಿರಲಿ, ಅವರದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ.

ಎರಡೂ ಕೂಡದ ಕಡೆ ನಿಂತು ನೋಡಬೇಕು. ಹವಾಮಾನ ಇಲಾಖೆಯ ಪ್ರಕಾರ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗೆ 2.5 ಮಿಲಿಮೀಟರ್ ಬಿದ್ದರೆ ಮಾತ್ರ ಅದು ‘ಮಳೆಯ ದಿನ’. ವಿಶಾಖೆಯಲ್ಲೋ ಅನುರಾಧೆಯಲ್ಲೋ ರಾಗಿ ಕಣದಲ್ಲಿರುವಾಗ ಎರಡು ಮಿಲಿಮೀಟರ್ ಜಡಿ ಹಿಡಿಯಿತೆನ್ನಿ. ಅವರ ಪಟ್ಟಿಯಲ್ಲಿ ಅದು ಮಳೆಯ ದಿನವಲ್ಲ. ನಿಮ್ಮ ಮನೆಯಲ್ಲಿ ಅಂದು ಟಾರ್ಪಾಲು ಹಿಡಿದು ಎಲ್ಲರೂ ಓಡಿರುತ್ತೀರಿ, ಒದ್ದೆ ತೆನೆ ಮೊಳಕೆ ಬಂದೀತೆಂದು ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತೀರಿ. ಅವರ ಮಾಪನ ತಪ್ಪೇನಲ್ಲ. ಊರೂರಿನ ಮಳೆಯನ್ನು ತೂಗಿ ನೋಡಲು ಒಂದೇ ಅಳತೆಗೋಲು ಬೇಕೇ ಬೇಕು. ಆದರೆ ಆ ಕೋಲಿನ ಸಂದಿಯಲ್ಲಿ ಜಾರಿಹೋಗುವುದನ್ನು ಹಿಡಿದಿಡಲು ನಿಮ್ಮಂಥವರೇ ಬೇಕು. ಆ ಎರಡು ಮಿಲಿಮೀಟರಿಗೆ ಕೆಂಪು ಚುಕ್ಕಿ ಇಡಿ. ದತ್ತಾಂಶ ಕಲೆಯಾಗುವುದು ಅಲ್ಲೇ ಎಂಬುದು ನನ್ನ ನಂಬಿಕೆ.

ಬಣ್ಣವೇ ಲೆಕ್ಕ ಹೇಳುವ ಇನ್ನೊಂದು ಉದಾಹರಣೆಯಿದೆ. 2018ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಎಡ್ ಹಾಕಿನ್ಸ್ ವರ್ಷಕ್ಕೊಂದು ಪಟ್ಟಿಯಂತೆ ಭೂಮಿಯ ಬಿಸಿಯನ್ನು ನೀಲಿ ಕೆಂಪುಗಳಲ್ಲಿ ಬಿಡಿಸಿದರು. ಅಂಕಿಯೊಂದೂ ಇಲ್ಲದೆ ಸಂಗತಿ ಯಾರಿಗಾದರೂ ತಿಳಿಯುತ್ತದೆ. ಆದರೆ ಅಲ್ಲಿ ಯಾರ ಕಣವೂ ಕಾಣದು. ನಿಮ್ಮ ಕಾರ್ಡಿನಲ್ಲಿ ಕಾಣಬೇಕು.

ಒಂದು ಎಚ್ಚರಿಕೆಯಿರಲಿ. ಪಕ್ಕದ ತೋಟದವರ ಕೊಳವೆಬಾವಿ ಬತ್ತಿದ್ದು, ಅವರ ಸಾಲ ಇವೆಲ್ಲ ನಿಮಗೆ ಗೊತ್ತಿದ್ದರೂ ಅವರನ್ನು ಕೇಳದೆ ಬಿಡಿಸಬೇಡಿ. ಊರಿಗೆಲ್ಲ ಗೊತ್ತಿರುವುದೂ ಅವರ ಮನೆಯ ಮಾತೇ.

ಇಲ್ಲಿ ತುಮಕೂರಿನಲ್ಲಿ ನಲ್ಲಿಗೆ ನೀರು ಬಂದ ದಿನಗಳನ್ನು ನಾನು ಬರೆದಿಡುತ್ತೇನೆ. ನಮಗೆ ಬುಗುಡನಹಳ್ಳಿ ಕೆರೆಯ ನೀರು, ಆ ಕೆರೆಗೆ ಹೇಮಾವತಿಯ ನೀರು. ಅಂದರೆ ನಮ್ಮ ನಲ್ಲಿಯ ನೀರು ಗೊರೂರು ಅಣೆಕಟ್ಟಿನ ಮೇಲಿನ ಮಲೆನಾಡಿನ ಮಳೆ. ನಿಮ್ಮದು ನಿಮ್ಮ ತಲೆಯ ಮೇಲೆ ಸುರಿದದ್ದು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದವರು ಕಡಿಮೆ. ಅಂಚೆಕಾರ್ಡಿಗೆ ಐವತ್ತು ಪೈಸೆ, ಬಣ್ಣಕ್ಕೆ ಮಕ್ಕಳ ಸ್ಕೆಚ್ ಪೆನ್ನು ಸಾಕು. ಹಳೆಯ ಡೈರಿಯಲ್ಲಿ ರಾಗಿ ಕೆಟ್ಟ ವರ್ಷವನ್ನು ಹುಡುಕಿ, ಅದನ್ನೇ ಮೊದಲು ಬಿಡಿಸಿ ಕಳಿಸಿ.

ಇಂತಿ ನಿಮ್ಮ
ಓದುಗ ಬಂಧು