ಮುಳುಗುವ ಊರಿನ ಪತ್ತೇದಾರ

ಪತ್ತೇದಾರಿ ಕಾದಂಬರಿ ಓದುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಕನ್ನಡ ಎಂ.ಎ. ಪಾಸು ಮಾಡಿ, ಪಂಪನನ್ನೂ ರನ್ನನನ್ನೂ ಪಾಠ ಹೇಳುವ ಗೌರವಸ್ಥನಾದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ. ತಂದೆಯವರ ಟ್ರಂಕಿನ ತಳದಲ್ಲಿ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಕೈಗೆ ಸಿಕ್ಕಿದ ದಿನ ಹತ್ತಿಕೊಂಡದ್ದು. ಅದರಲ್ಲಿ ಏನು ಸುಖವೆಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಲ್ಲೆ: ಮೊದಲ ಪುಟದಲ್ಲಿ ಕೆಟ್ಟಿದ್ದ ಲೋಕ ಕೊನೆಯ ಪುಟದ ಹೊತ್ತಿಗೆ ಸರಿಹೋಗಿರುತ್ತದೆ. ಕೊಂದವನು ಸಿಕ್ಕಿಬೀಳುತ್ತಾನೆ, ಕೊಂದದ್ದೇಕೆಂಬುದು ತಿಳಿಯುತ್ತದೆ, ನಾವು ದೀಪ ಆರಿಸಿ ಮಲಗುತ್ತೇವೆ. ಇಷ್ಟು ಅಗ್ಗವಾಗಿ ದೊರೆಯುವ ನ್ಯಾಯ ಲೋಕದಲ್ಲಿ ಬೇರೊಂದಿಲ್ಲ.

ಇಂಥ ನನಗೆ ಹೋದ ದಸರಾ ರಜದಲ್ಲಿ ನಿದ್ದೆ ಕೆಡಿಸುವ ಪತ್ತೇದಾರನೊಬ್ಬನ ಪರಿಚಯವಾಯಿತು. ಅವನಿದ್ದದ್ದು ಪುಸ್ತಕದಲ್ಲಲ್ಲ, ವೀಡಿಯೋ ಗೇಮಿನಲ್ಲಿ.

ಆದದ್ದು ಹೀಗೆ. ನನ್ನ ತಂಗಿಯ ಮಗ ಎರಡನೆಯ ಪಿ.ಯು.ಸಿ.ಯಲ್ಲಿದ್ದ. ಅವನು ಆಟದ ಯಂತ್ರವನ್ನು ಬಿಟ್ಟು ಪುಸ್ತಕದ ಮುಖ ನೋಡುವುದಿಲ್ಲವೆಂದು ತಂಗಿ ಅದನ್ನು ತಂದು ನಮ್ಮ ಮನೆಯಲ್ಲಿಟ್ಟಳು. ಪರೀಕ್ಷೆ ಮುಗಿಯುವವರೆಗೆ ಅದು ನನ್ನ ವಶ. ಹುಡುಗ ಹೊರಡುವ ಮುನ್ನ ಒಂದು ಸಂಜೆ ಕುಳಿತು ಅದನ್ನು ನಡೆಸುವ ಬಗೆ ತೋರಿಸಿಕೊಟ್ಟ. "ಮಾವ, ನಿಮಗೆ ಪತ್ತೇದಾರಿ ಇಷ್ಟ ಅಲ್ವೆ? ಇದನ್ನ ಆಡಿ. ಆದರೆ ಕೊನೇ ಪುಟ ತಿರುಗಿಸಿ ನೋಡೋದಕ್ಕೆ ಆಗಲ್ಲ" ಎಂದ. ನನ್ನ ಗುಟ್ಟು ಅವನಿಗೆ ತಿಳಿದದ್ದು ಹೇಗೋ ಕಾಣೆ.

ಆಟದ ಹೆಸರು 'ದಿ ಸಿಂಕಿಂಗ್ ಸಿಟಿ', ಎಂದರೆ ಮುಳುಗುತ್ತಿರುವ ಊರು. ಉಕ್ರೇನಿನ ಕೀವ್ ನಗರದ ಫ್ರಾಗ್‌ವೇರ್ಸ್ ಎಂಬ ಸಂಸ್ಥೆಯವರು ಮಾಡಿದ್ದು, 2019ರಲ್ಲಿ ಹೊರಬಂದಿತು. ಕಥೆ ನಡೆಯುವುದು 1920ರ ದಶಕದ ಅಮೆರಿಕದಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಓಕ್‌ಮಾಂಟ್ ಎಂಬ ಕಲ್ಪಿತ ಊರಿನಲ್ಲಿ. ಕಾರಣವಿಲ್ಲದೆ ಬಂದ ಪ್ರವಾಹದಲ್ಲಿ ಅರ್ಧ ಊರು ನೀರಿನಡಿ ಹೋಗಿದೆ. ಬೀದಿಗಳಲ್ಲಿ ದೋಣಿ ಓಡಾಡುತ್ತವೆ. ಗೋಡೆಗಳಿಗೆ ಸಮುದ್ರದ ಪಾಚಿ, ಚಿಪ್ಪು. ಜನರಿಗೆ ಒಂದೇ ಬಗೆಯ ದುಃಸ್ವಪ್ನ ಬೀಳುತ್ತದೆ. ಚಾರ್ಲ್ಸ್ ರೀಡ್ ಎಂಬ ಖಾಸಗಿ ಪತ್ತೇದಾರ, ಮೊದಲನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದವನು, ಅದೇ ಕನಸಿನ ಕಾಟದಿಂದ ಬಳಲಿ ಅದರ ಮೂಲ ಹುಡುಕಿಕೊಂಡು ಈ ಊರಿಗೆ ಬಂದಿಳಿಯುತ್ತಾನೆ. ಅವನು ನಾವೇ.

ಮೊದಲ ವಾರ ನನ್ನ ಪತ್ತೇದಾರಿ ನಗೆಪಾಟಲಾಯಿತು. ದೋಣಿಯನ್ನು ಗೋಡೆಗೆ ಗುದ್ದುವುದರಲ್ಲೇ ಎರಡು ರಾತ್ರಿ ಕಳೆದವು. ಆ ಊರಿನಲ್ಲಿ ದುಡ್ಡಿಗೆ ಬದಲು ಬಂದೂಕಿನ ಗುಂಡುಗಳು ಚಲಾವಣೆಯಲ್ಲಿವೆ; ಎದುರು ಬಂದ ಪಿಶಾಚಿಗೆಲ್ಲ ಹೊಡೆದು ನಾನು ದಿವಾಳಿಯಾದೆ. "ಏನೂಂದ್ರೆ, ಅರ್ಧ ರಾತ್ರಿಯಲ್ಲಿ ಯಾರ ಮೇಲೆ ಹೀಗೆ ಕೂಗಾಡ್ತೀರಿ?" ಎಂದು ಮನೆಯಾಕೆ ಎದ್ದು ಬಂದಳು. ಉತ್ತರ ಹೇಳುವುದು ಕಷ್ಟವಾಯಿತು.

ಆದರೆ ಒಂದು ಗುಣ ನನ್ನನ್ನು ಹಿಡಿದು ನಿಲ್ಲಿಸಿತು. ಆ ಆಟದಲ್ಲಿ ಮುಂದೆ ಎಲ್ಲಿಗೆ ಹೋಗಬೇಕೆಂದು ಬಾಣದ ಗುರುತು ಹಾಕಿ ತೋರಿಸುವುದಿಲ್ಲ. ಒಬ್ಬನ ಹೆಸರು ಸಿಕ್ಕಿದರೆ ಅವನ ವಿಳಾಸವನ್ನು ನೀವೇ ಹುಡುಕಬೇಕು. ಪತ್ರಿಕಾ ಕಚೇರಿ, ಪೋಲೀಸು ಠಾಣೆ, ಆಸ್ಪತ್ರೆ, ಪುರಸಭೆ, ಪುಸ್ತಕ ಭಂಡಾರ ಇವುಗಳಲ್ಲಿ ಯಾವುದರ ಹಳೆಯ ಕಡತದಲ್ಲಿ ಅವನ ಸುಳಿವಿದ್ದೀತೆಂದು ಊಹಿಸಿ, ಅಲ್ಲಿಗೆ ಹೋಗಿ ಕಾಗದ ತಿರುವಬೇಕು. ಇಂಥ ಬೀದಿಯಲ್ಲಿ, ಇಂಥ ಎರಡು ಅಡ್ಡರಸ್ತೆಗಳ ನಡುವೆ ಎಂದಷ್ಟೆ ವಿಳಾಸ. ನಕ್ಷೆಯಲ್ಲಿ ಗುರುತು ಹಾಕುವ ಕೆಲಸ ನಿಮ್ಮದು. ಓಲೆಗರಿ, ಶಾಸನಗಳ ಬೆನ್ನು ಹತ್ತಿದವರಿಗೆ ಇದು ಪರಿಚಿತವಾದ ಸುಖ. ನಾನು ಆ ಊರಿನ ದಫ್ತರಖಾನೆಗಳಲ್ಲಿ ಮೈಮರೆತೆ.

ಈ ಆಟದ ಹಿಂದಿರುವ ಕಲ್ಪನೆ ಎಚ್. ಪಿ. ಲವ್‌ಕ್ರಾಫ್ಟ್ ಎಂಬಾತನದು. 1890ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಹುಟ್ಟಿ, ಅಗ್ಗದ ಮಾಸಪತ್ರಿಕೆಗಳಿಗೆ ಕಥೆ ಬರೆದು, ಬಡತನದಲ್ಲಿಯೇ 1937ರಲ್ಲಿ ತೀರಿಕೊಂಡವನು. ದೆವ್ವದ ಕಥೆಗಳನ್ನು ಬರೆದವರು ಅವನಿಗಿಂತ ಮೊದಲೂ ಬಹು ಮಂದಿ ಇದ್ದರು. ಆದರೆ ದೆವ್ವಕ್ಕೆ ನಮ್ಮ ಮೇಲೆ ದ್ವೇಷವಾದರೂ ಉಂಟು. ನಾವೆಂಬುವರು ಇದ್ದೇವೆಂದು ಅದು ಬಲ್ಲದು. ಲವ್‌ಕ್ರಾಫ್ಟನ ಭಯ ಬೇರೆ. ಈ ಬ್ರಹ್ಮಾಂಡದಲ್ಲಿ ಮನುಷ್ಯನಿಗಿಂತ ಹಳೆಯವೂ ದೊಡ್ಡವೂ ಆದ ಶಕ್ತಿಗಳಿವೆ; ಅವುಗಳಿಗೆ ನಮ್ಮ ಮೇಲೆ ಕೋಪವಿಲ್ಲ, ಕರುಣೆಯಿಲ್ಲ, ನಮ್ಮ ಗೊಡವೆಯೇ ಇಲ್ಲ. ಇದನ್ನು ಅರಿತವನ ಬುದ್ಧಿ ನಿಲ್ಲಲಾರದು. ಇದು ಅವನ ಕಥೆಗಳ ತಿರುಳು.

ಇದನ್ನು ಓದುವಾಗ ನನಗೆ ವಿಶ್ವರೂಪವನ್ನು ಕಂಡು ನಡುಗಿದ ಅರ್ಜುನನ ನೆನಪಾಯಿತು. ಅವನಿಗೂ ಆದದ್ದು ಇದೇ ಭಯ. ಆದರೆ ಅವನು, ಸಾಕು, ನಿನ್ನ ಮೊದಲಿನ ರೂಪವನ್ನೇ ತೋರಿಸು ಎಂದು ಬೇಡಿಕೊಳ್ಳಬಹುದಾಗಿತ್ತು. ಆ ಘೋರದ ಹಿಂದೆ ಕುದುರೆಯ ಹಗ್ಗ ಹಿಡಿದ ಗೆಳೆಯನೊಬ್ಬನಿದ್ದ. ಲವ್‌ಕ್ರಾಫ್ಟನ ಮನುಷ್ಯ ಬೇಡಿಕೊಂಡರೆ ಕೇಳುವವರಿಲ್ಲ.

ಇಂಥ ಕಥೆಗೂ ಪತ್ತೇದಾರಿಗೂ ಎಲ್ಲಿಯ ನಂಟು ಎನ್ನಿಸಬಹುದು. ನಂಟು ಹಳೆಯದು. ಇಂಗ್ಲಿಷಿನ ಪತ್ತೇದಾರಿ ಕಥೆಗೆ ನಾಂದಿ ಹಾಡಿದವನೆಂದು ಹೆಸರಾದ ಎಡ್ಗರ್ ಆಲನ್ ಪೋ 1841ರಲ್ಲಿ ಆ ಕಥೆ ಬರೆದ ಲೇಖನಿಯಿಂದಲೇ ಭಯದ ಕಥೆಗಳನ್ನೂ ಬರೆದ; ಲವ್‌ಕ್ರಾಫ್ಟನಿಗೆ ಅವನೇ ಗುರು. 1928ರಲ್ಲಿ ಅಚ್ಚಾದ ಲವ್‌ಕ್ರಾಫ್ಟನ 'ದಿ ಕಾಲ್ ಆಫ್ ಕ್ಥುಲು' ಕಥೆ ನಡೆಯುವುದೆಲ್ಲ ಪತ್ತೇದಾರಿಯ ಧಾಟಿಯಲ್ಲೇ: ತೀರಿಕೊಂಡ ಹಿರಿಯನ ಕಾಗದಪತ್ರ, ಪೋಲೀಸು ಅಧಿಕಾರಿಯೊಬ್ಬನ ಹೇಳಿಕೆ, ಪತ್ರಿಕೆಯ ಒಂದು ತುಣುಕು, ನಾವಿಕನೊಬ್ಬನ ಬರಹ. ಇವನ್ನೆಲ್ಲ ಜೋಡಿಸುತ್ತ ಹೋದವನಿಗೆ ಕೊನೆಗೆ, ಜೋಡಿಸದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಪುರುಷೋತ್ತಮನ ಪತ್ತೇದಾರಿಯಲ್ಲಿ ತಿಳಿವು ಲೋಕವನ್ನು ರಿಪೇರಿ ಮಾಡುತ್ತದೆ. ಇಲ್ಲಿ ಅದು ತಿಳಿದವನನ್ನೇ ಮುರಿಯುತ್ತದೆ. ಇನ್ಸ್‌ಮತ್ ಎಂಬ ಊರಿನ ಕಥೆಯೊಂದರಲ್ಲಂತೂ ಮೀನಿನ ಮುಖದ ಜನರ ರಹಸ್ಯವನ್ನು ಬಯಲುಮಾಡಿದವನಿಗೆ ಆ ರಕ್ತ ತನ್ನ ಮೈಯಲ್ಲೂ ಹರಿಯುತ್ತಿದೆಯೆಂದು ಕೊನೆಗೆ ತಿಳಿಯುತ್ತದೆ. ಪತ್ತೆ ಹಚ್ಚುತ್ತ ಹಚ್ಚುತ್ತ ಪತ್ತೇದಾರನ ಮನೆಬಾಗಿಲಿಗೇ ಬಂದಂತಾಯಿತು.

ಲವ್‌ಕ್ರಾಫ್ಟನಿಗೆ ಒಂದು ದೊಡ್ಡ ದೋಷವಿದ್ದಿತು. ಬೇರೆ ಬಣ್ಣದವರು, ವಲಸೆ ಬಂದವರು ಎಂದರೆ ಅವನಿಗೆ ಹೇಸಿಗೆ. ಅವನ ಕಥೆಗಳ ಭಯದಲ್ಲಿ ಆ ಹೇಸಿಗೆಯ ಪಾಲೂ ಉಂಟು. ಆಟ ಮಾಡಿದವರು ಇದನ್ನು ಮುಚ್ಚಿಡಲಿಲ್ಲ. ಆ ಕಾಲದ ಜನ ಹೀಗೆ ನಡೆದುಕೊಳ್ಳುತ್ತಿದ್ದರು, ಅದು ಆಗಲೂ ತಪ್ಪು ಈಗಲೂ ತಪ್ಪು ಎಂಬ ಅರ್ಥದ ಮಾತನ್ನು ಆಟದ ಬಾಗಿಲಲ್ಲೇ ಹೇಳಿದ್ದಾರೆ. ಇನ್ಸ್‌ಮತ್ತಿನ ಮೀನುಮುಖದವರು ಇಲ್ಲಿ ಊರು ಕಳೆದುಕೊಂಡು ಬಂದ ನಿರಾಶ್ರಿತರು. ಓಕ್‌ಮಾಂಟಿನ ಹಳಬರು ಅವರನ್ನು ಕಂಡರೆ ಉಗುಳುತ್ತಾರೆ. ಏನು ಕೆಟ್ಟರೂ ಮೊದಲ ಅನುಮಾನ ಅವರ ಮೇಲೆ.

ಮೊದಲನೆಯ ಮೊಕದ್ದಮೆಯೇ ಅಂಥದು. ಊರಿನ ಧನಿಕನೊಬ್ಬನ ಮಗ ಕಾಣೆಯಾಗಿದ್ದಾನೆ. ಹುಡುಕಿಕೊಂಡು ಹೋದರೆ ಸಿಕ್ಕುವುದು ಹೆಣ. ಸುಳಿವುಗಳೆಲ್ಲ ಇನ್ಸ್‌ಮತ್ತಿನವನೊಬ್ಬನ ಕಡೆ ತೋರಿಸುತ್ತವೆ. ಕೊಂದದ್ದು ಅವನ ಕೈಯೇ ಹೌದು. ಆದರೆ ಆ ಕೈಯನ್ನು ಆಡಿಸಿದ ಬುದ್ಧಿ ಅವನದಾಗಿತ್ತೆ ಎಂಬುದು ಅನುಮಾನ. ಇಂಥ ಹೊತ್ತಿಗೆಂದು ಆಟದಲ್ಲಿ 'ಮನೋಮಂದಿರ' ಎನ್ನಬಹುದಾದ ಒಂದು ಜಾಗವಿದೆ. ದೊರೆತ ಸುಳಿವುಗಳನ್ನು ಒಂದಕ್ಕೊಂದು ಕೂಡಿಸಿದರೆ ಅಲ್ಲಿ ತೀರ್ಮಾನಗಳು ಮೂಡುತ್ತವೆ. ನಾನು ಕೂಡಿಸಿದೆ. ಎರಡು ತೀರ್ಮಾನಗಳು ಮೂಡಿದವು: ಅವನು ಅಪರಾಧಿ, ಅವನು ಸ್ವಬುದ್ಧಿಯಲ್ಲಿರಲಿಲ್ಲ. ಸುಳಿವುಗಳು ಅವೇ, ಒಂದೂ ಹೆಚ್ಚಿಲ್ಲ, ಕಡಮೆಯಿಲ್ಲ. ಒಂದನ್ನು ಆರಿಸಬೇಕು. ಯಾವುದು ಸರಿಯೆಂದು ಆಟ ಹೇಳುವುದಿಲ್ಲ. ಆರಿಸಿದ್ದನ್ನು ಕಟ್ಟಿಕೊಂಡು ಮುಂದಕ್ಕೆ ಹೋಗುತ್ತದೆ.

ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟೆ. ಆ ರಾತ್ರಿ ಮತ್ತೆ ಆಡಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ಬೇರೊಂದು ಕಾಲೇಜಿನಲ್ಲಿದ್ದೆ. ಕಿರುಪರೀಕ್ಷೆಯೊಂದರಲ್ಲಿ ಎರಡನೆಯ ಬಿ.ಎ.ಯ ಹುಡುಗನೊಬ್ಬನ ಉತ್ತರ ಗೈಡಿನೊಡನೆ ಅಕ್ಷರ ಅಕ್ಷರಕ್ಕೂ ಕೂಡಿಬಂದಿತು. ಅವನ ಬೆಂಚಿನ ಕೆಳಗೆ ಗೈಡಿನ ಹರಿದ ಹಾಳೆಯೊಂದು ಮಡಚಿ ಬಿದ್ದಿತ್ತು. ವಿಚಾರಣೆಗೆ ಮೂವರನ್ನು ನೇಮಿಸಿದರು. ವರದಿ ಬರೆದವನು ನಾನು. ಬಲು ಉತ್ಸಾಹದಿಂದಲೇ ಬರೆದೆ. ಉತ್ತರವನ್ನೂ ಹಾಳೆಯನ್ನೂ ಪಕ್ಕಪಕ್ಕಕ್ಕಿಟ್ಟು, ಅಲ್ಪವಿರಾಮಗಳನ್ನು ಕೂಡ ಎಣಿಸಿ, ಪುರುಷೋತ್ತಮನೂ ಮೆಚ್ಚುವಂತೆ ವಾದ ಹೂಡಿದೆ. ಹುಡುಗ ಹೇಳಿದ್ದು ಎರಡೇ ಮಾತು: "ಆ ಹಾಳೆ ನಂದಲ್ಲ ಸಾರ್. ನಂಗೆ ಎರಡು ಸಲ ಓದಿದ್ರೆ ಬಾಯಿಗೆ ಬರುತ್ತೆ." ಎಲ್ಲರೂ ಹೇಳುವ ಮಾತು ಎಂದುಕೊಂಡೆ. ಅಂಕ ಕಳೆದರು, ತಂದೆಯನ್ನು ಕರೆತರುವಂತೆ ಹೇಳಿದರು. ಹುಡುಗ ತಂದೆಯನ್ನು ಕರೆತರಲಿಲ್ಲ. ತಾನೂ ಮತ್ತೆ ಕಾಲೇಜಿಗೆ ಬರಲಿಲ್ಲ.

ಮರುವರ್ಷ ಅವನ ಊರಿನ ಮತ್ತೊಬ್ಬ ವಿದ್ಯಾರ್ಥಿ ಮಾತಿನ ನಡುವೆ ಹೇಳಿದ: ಊರ ಹಬ್ಬದ 'ಕುರುಕ್ಷೇತ್ರ' ನಾಟಕದಲ್ಲಿ ಕೃಷ್ಣನ ಪಾತ್ರ ಅವನದಂತೆ. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟದ್ದನ್ನು ಕಿವಿಯಲ್ಲಿ ಕೇಳಿಯೇ, ಹಾಡು ಮಾತು ಎರಡನ್ನೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಾನಂತೆ.

ಇದರಿಂದ ಅವನು ನಿರಪರಾಧಿಯೆಂದೇನೂ ಸಿದ್ಧವಾಗುವುದಿಲ್ಲ. ನೆನಪು ಚೆನ್ನಾಗಿರುವವನೂ ಹಾಳೆ ಹರಿದು ತರಬಹುದು. ಸತ್ಯ ಇಂದಿಗೂ ನನಗೆ ತಿಳಿಯದು. ತಿಳಿದಿರುವುದು ಇಷ್ಟು: ಅಂದು ಅವನ ಮುಂದೆ ಯಾವುದಾದರೊಂದು ಪುಸ್ತಕದ ಒಂದು ಪುಟ ಇಟ್ಟು, ಎರಡು ಸಲ ಓದು, ಆಮೇಲೆ ಹೇಳು ಎಂದಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ನಾನು ಹೇಳಲಿಲ್ಲ. ತೀರ್ಮಾನ ಆಗಲೇ ನನ್ನಲ್ಲಿ ಸೊಗಸಾಗಿ ಕೂಡಿ ಬಂದಿದ್ದಿತು. ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಸುಳಿವುಗಳ ನಡುವೆ ಇದ್ದ ಖಾಲಿಯನ್ನು ನಾನೇ ತುಂಬಿದೆ, ತುಂಬಿ ಅದಕ್ಕೆ ಸತ್ಯವೆಂದು ಹೆಸರಿಟ್ಟೆ. ಆ ಹುಡುಗ ಪಟ್ಟಣದ ನಯ ಬಲ್ಲವನಾಗಿದ್ದರೆ, ಒಳ್ಳೆಯ ಅಂಗಿ ತೊಟ್ಟಿದ್ದರೆ, ಅಷ್ಟೊಂದು ಬೇಗ ತುಂಬುತ್ತಿದ್ದೆನೆ? ಸಮುದ್ರದ ತಳದ ದೇವತೆಗಳು ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ. ಆ ಪ್ರಶ್ನೆ ಹೆದರಿಸಿತು.

ಆ ಆಟದಲ್ಲಿ ಮತಿಯ ಅಳತೆಯೊಂದಿದೆ. ಘೋರವಾದುದನ್ನು ಕಂಡಷ್ಟೂ ಅದು ಇಳಿಯುತ್ತದೆ; ತೆರೆಯ ಮೇಲಿನ ಲೋಕ ಅಂಕುಡೊಂಕಾಗುತ್ತದೆ. ಆದರೂ ರೀಡ್ ಮಹಾಶಯ ಎದ್ದು ಕಾಗದ ತಿರುವಲು ಹೋಗುತ್ತಾನೆ. ಅವನನ್ನು ಸೃಷ್ಟಿಸಿದವರಿಗೂ ಅಂಥ ದಿನಗಳು ಬಂದವು. 2022ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಉಕ್ರೇನಿನ ಮೇಲೆ ನುಗ್ಗಿತು. ಆ ವರ್ಷದ ಕೊನೆಗೆ ಕ್ಷಿಪಣಿಗಳು ವಿದ್ಯುತ್ ಕೇಂದ್ರಗಳ ಮೇಲೆ ಬಿದ್ದು ಕೀವ್ ನಗರ ಎಷ್ಟೋ ಹೊತ್ತು ಕತ್ತಲಲ್ಲಿ ಕಳೆಯಿತು. ಆ ಕತ್ತಲಿನ ನಡುವೆಯೇ ಅವರು ತಮ್ಮ ಹಳೆಯ ಆಟವೊಂದನ್ನು ಹೊಸದಾಗಿ ಕಟ್ಟಿ 2023ರಲ್ಲಿ ಹೊರತಂದರು. ಅದರ ನಾಯಕ ಷರ್ಲಾಕ್ ಹೋಮ್ಸ್. ಎದುರಾಳಿ ಲವ್‌ಕ್ರಾಫ್ಟನ ಅದೇ ಕ್ಥುಲುವನ್ನು ಪೂಜಿಸುವ ಪಂಥ. ಬುದ್ಧಿಗೆ ನಿಲುಕದ್ದು ಎದುರು ನಿಂತಾಗಲೂ, ಬುದ್ಧಿಯನ್ನೇ ನೆಚ್ಚಿದವನ ಕಥೆಯನ್ನು ಅವರು ಬಿಡಲಿಲ್ಲ.

ರಜೆ ಮುಗಿದ ಮೇಲೆ ನಾನು ಹಳೆಯ ಕಾಲೇಜಿಗೆ ಹೋದೆ. ಓಕ್‌ಮಾಂಟಿನಲ್ಲಿ ಕಲಿತ ವಿದ್ಯೆ: ಹೆಸರು ಗೊತ್ತಿದ್ದರೆ ಕಡತ ನೋಡಬೇಕು. ಗುಮಾಸ್ತರು ಪರಿಚಿತರು, ಪ್ರವೇಶದ ರಿಜಿಸ್ಟರು ತೆಗೆದುಕೊಟ್ಟರು. ಊರು, ಅಂಚೆ, ತಾಲ್ಲೂಕು ಬರೆದುಕೊಂಡು ಬಂದು ಆ ರಾತ್ರಿ ಒಂದು ಕಾಗದ ಬರೆದೆ. ನಿಜ ಹೇಳಪ್ಪ ಎಂದು ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ. ಆ ವರದಿಯಲ್ಲಿ ನಾನು ತೋರಿಸಿದಷ್ಟು ಸಾಕ್ಷ್ಯ ನನ್ನ ಬಳಿ ಇರಲಿಲ್ಲ, ನಿನ್ನ ಮಾತನ್ನು ಪರೀಕ್ಷಿಸುವುದು ನನ್ನ ಕರ್ತವ್ಯವಾಗಿತ್ತು, ಮಾಡಲಿಲ್ಲ, ಎಂದಷ್ಟೆ ಬರೆದು ರುಜು ಹಾಕಿದೆ. ಕಾಗದ ಹೋಗಿ ಐದು ತಿಂಗಳಾಯಿತು. ಉತ್ತರ ಬಂದಿಲ್ಲ. ವಿಳಾಸದಾರರಿಲ್ಲವೆಂದು ಹಿಂದಕ್ಕೂ ಬಂದಿಲ್ಲ.

ಮೊನ್ನೆ ಅಳಿಯ ಪರೀಕ್ಷೆ ಮುಗಿಸಿ ತನ್ನ ಯಂತ್ರವನ್ನು ಒಯ್ಯಲು ಬಂದ. ನಾನೆಷ್ಟು ದೂರ ಆಡಿದ್ದೇನೆಂದು ತೆಗೆದು ನೋಡಿ, "ಮೊದಲನೇ ಕೇಸಲ್ಲಿ ಏನು ಮಾಡಿದಿರಿ ಮಾವ? ಅವನನ್ನ ಹಿಡಿದುಕೊಟ್ಟಿರೋ, ಬಿಟ್ಟಿರೋ?" ಎಂದು ಕೇಳಿದ.

"ಬಿಟ್ಟೆ."

"ನಾನು ಹಿಡಿದುಕೊಟ್ಟೆ" ಎಂದು ಸ್ವಲ್ಪ ಹೊತ್ತು ಯೋಚಿಸಿ, "ಯಾವುದು ಸರೀಂತ ಕೊನೇವರೆಗೂ ಹೇಳಲೇ ಇಲ್ಲ, ಅಲ್ವೆ?" ಎಂದ.

"ಇಲ್ಲ ಕಣೋ" ಎಂದೆ. ಹೊರಗೆ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿಸಿತು. ಎದ್ದು ಬಾಗಿಲಿಗೆ ಹೋದೆ. ಅವನು ಪಕ್ಕದ ಮನೆಯ ಮುಂದೆ ನಿಂತಿದ್ದ.