ಕಣಿಯಲ್ಲಿ ಸಿಕ್ಕಿಬಿದ್ದ ಟೈಗರ್ ಟ್ಯಾಂಕು

ಮೂರು ದಿನದಿಂದ ಬಿಡದೆ ಮಳೆ. ಬೋರ್ಡೊ ಎರಡನೇ ಸುತ್ತಿಗೆ ಬಂದ ಜನ ಚಾ ಕುಡಿದು ವಾಪಸ್ ಹೋದರು. ಕೊಳೆರೋಗದ ವಿಷಯ ಬರೆದು ನಿಮ್ಮ ತಲೆ ಕೆಡಿಸುವುದಿಲ್ಲ, ಇವತ್ತು ನನ್ನ ಟ್ಯಾಂಕಿನ ಕಥೆ. ನೀರಿನ ಟ್ಯಾಂಕಲ್ಲ ಮಾರಾಯ್ರೆ, ಯುದ್ಧದ ಟ್ಯಾಂಕು. ರಿಮೋಟಿನಲ್ಲಿ ಓಡುವಂಥದ್ದು.

ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ತಗೊಂಡದ್ದು. ಹೆಂಗ್ ಲಾಂಗ್ ಅಂತ ಚೀನಾದ ಕಂಪೆನಿಯದ್ದು. ಎರಡನೇ ಮಹಾಯುದ್ಧದ ಜರ್ಮನಿಯ ಟೈಗರ್ ಟ್ಯಾಂಕಿನ ಮಾದರಿ, ಅಳತೆ 16ರಲ್ಲಿ 1 ಪಾಲು. ರೂಮಿನಲ್ಲಿ ಜಾಗ ಇಲ್ಲ ಅಂತ ಊರಿಗೆ ತಂದು ಅಟ್ಟದಲ್ಲಿ ಇಟ್ಟು ಹೋಗಿದ್ದ. ಈ ಜೂನ್‌ನಲ್ಲಿ ಕೈಗೆ ಕೆಲಸ ಇಲ್ಲದೆ ಕೂತಿದ್ದಾಗ ಇಳಿಸಿದೆ.

ಟಿಲ್ಲರ್ ಓಡಿಸಿದವರಿಗೆ ಇದು ಅರ್ಥ ಆಗಲು ಐದು ನಿಮಿಷ ಸಾಕು. ಸ್ಟೇರಿಂಗ್ ಇಲ್ಲ. ಎಡಕ್ಕೊಂದು ಬಲಕ್ಕೊಂದು ಮೋಟಾರು, ಒಂದೊಂದಕ್ಕೂ ಬೇರೆ ಗೇರ್‌ಬಾಕ್ಸು. ಟಿಲ್ಲರಿನ ಎಡದ ಕ್ಲಚ್ ಒತ್ತಿದರೆ ಆ ಬದಿಯ ಚಕ್ರ ನಿಂತು ಗಾಡಿ ಎಡಕ್ಕೆ ತಿರುಗುತ್ತದಲ್ಲ, ಅದೇ ಲೆಕ್ಕ.

ಅಂಗಳದಲ್ಲಿ ಚಂದ ಓಡಿತು. ತೋಟಕ್ಕೆ ಇಳಿಸಿದ್ದೇ ಕಣಿಯ ಬದಿಯಲ್ಲಿ ಚೈನು ಕಳಚಿತು. ಹಿಟಾಚಿಗೆ ಇರುವ ಹಾಗೆ ಚೈನು, ಆದರೆ ಪ್ಲಾಸ್ಟಿಕ್ಕಿನದ್ದು. ಚಕ್ರಗಳ ನಡುವೆ ಕೆಸರು, ಅಡಿಕೆ ಸಿಪ್ಪೆಯ ನಾರು. ಟೈಗರಿನ ಚಕ್ರಗಳು ಒಂದರ ಮೇಲೊಂದು ಹತ್ತಿಕೊಂಡ ಹಾಗೆ ಕೂತಿರುತ್ತವೆ, ಕೆಸರು ಹೊಕ್ಕರೆ ಹೊರಗೆ ಬರುವುದಿಲ್ಲ. ರಷ್ಯಾದ ಚಳಿಯಲ್ಲಿ ಅಸಲಿ ಟೈಗರಿಗೂ ಇದೇ ಗತಿಯಂತೆ. ರಾತ್ರಿ ಕೆಸರು ಹೆಪ್ಪುಗಟ್ಟಿ ಬೆಳಿಗ್ಗೆ ಚಕ್ರ ತಿರುಗುತ್ತಿರಲಿಲ್ಲ. ನಮ್ಮ ತೋಡಾರಿನ ಕೆಸರಿಗೆ ಚಳಿಯೂ ಬೇಕಾಗಲಿಲ್ಲ.

ಮಗನಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ನಮ್ಮಿಬ್ಬರ ಫೋನು ಅಂದರೆ 'ಊಟ ಆಯ್ತಾ, ಮಳೆ ಉಂಟಾ' ಅಷ್ಟೇ. ಅವತ್ತು ಮುಕ್ಕಾಲು ಗಂಟೆ. "ಅಪ್ಪ, ಮೆಟಲ್ ಚೈನ್ ಹಾಕುವ" ಅಂದ. ವಾರದಲ್ಲಿ ಪಾರ್ಸೆಲ್ ಬಂತು. ತೂಕ ಇದ್ದ ಕಾರಣ ಮಣ್ಣು ಕಚ್ಚಿಕೊಂಡು ಓಡಿತು. ಬಿಗಿ ಮಾಡಿದರೆ ಮೋಟಾರು ಬಿಸಿ, ಸಡಿಲ ಬಿಟ್ಟರೆ ತಿರುಗುವಾಗ ಕಳಚುತ್ತದೆ. ಒಂದು ಕೊಂಡಿಯ ಪಿನ್ನು ತೆಗೆದು, ಪುನಃ ಹಾಕಿ, ಹದ ಸಿಗುವಾಗ ಎರಡು ದಿನ ಹೋಯಿತು.

ಹಳೆಯ ಬ್ಯಾಟರಿ ಈ ಭಾರಕ್ಕೆ ಐದು ನಿಮಿಷದಲ್ಲಿ ಮಲಗುತ್ತಿತ್ತು. ಮಗ 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಕಳಿಸಿದ. ಇಲ್ಲಿ ನಾನು ಮಾಡಿದ ಕೆಲಸ ಯಾರೂ ಮಾಡಬೇಡಿ. ಹಳೆಯ ನಿಕ್ಕಲ್ ಬ್ಯಾಟರಿಯ ಚಾರ್ಜರಿಗೇ ವಯರ್ ತಿರುಚಿ ಸಿಕ್ಕಿಸಿ ಡೈರಿಗೆ ಹಾಲು ಕೊಡಲು ಹೋದೆ. ಎರಡು ಸೆಲ್ಲಿನ ಈ ಬ್ಯಾಟರಿ 8.4 ವೋಲ್ಟಿಗೆ ನಿಲ್ಲಬೇಕು. ಆ ಚಾರ್ಜರಿಗೆ ಅದೆಲ್ಲ ಎಲ್ಲಿ ಗೊತ್ತು? ಬಂದು ನೋಡಿದರೆ ಎಣ್ಣೆಗೆ ಬಿದ್ದ ಹಲಸಿನ ಹಪ್ಪಳದ ಹಾಗೆ ಉಬ್ಬಿದೆ. ಎರಡು ಮೊಳ ಆಚೆ ಹನ್ನೊಂದು ಗೋಣಿ ಸುಲಿದ ಅಡಿಕೆ. ಕೈ ನಡುಗುತ್ತಿತ್ತು. ಸ್ವಿಚ್ ತೆಗೆದು, ಇಕ್ಕುಳದಲ್ಲಿ ಹಿಡಿದು, ಹಟ್ಟಿಯ ಹಿಂದಿನ ಹೊಯಿಗೆ ರಾಶಿಯಲ್ಲಿ ಇಟ್ಟು ಬಂದೆ. ಹೊತ್ತಿಕೊಳ್ಳಲಿಲ್ಲ. ಇವಳಿಗೆ ಹೇಳಿದ್ದು ಮರುದಿನ.

ಎಂಟನೇ ಕ್ಲಾಸಿನಲ್ಲಿ ಮಗ ಪಂಪಿನ ಸ್ಟಾರ್ಟರ್ ಬಿಚ್ಚಿದ್ದಕ್ಕೆ ನಾನು ನೆಂಟರ ಎದುರೇ ಬೈದಿದ್ದೆ. ಅವನು ಬೈಯಲಿಲ್ಲ. "ಚಾರ್ಜರಿನ ವಿಷಯ ನಾನು ಮೊದಲೇ ಹೇಳ್ಬೇಕಿತ್ತು ಅಪ್ಪ" ಅಂದ. ಸರಿಯಾದ ಚಾರ್ಜರ್, ಬೇರೆ ಬ್ಯಾಟರಿ ಕಳಿಸಿದ. ಈಗ ಚಾರ್ಜಿಗೆ ಇಡುವುದು ಜಗಲಿಯಾಚೆ ಕೆಂಪುಕಲ್ಲಿನ ಮೇಲೆ, ನಾನು ಎದುರು ಕೂತಿರುವಾಗ ಮಾತ್ರ.

ಹೊಸ ಬ್ಯಾಟರಿಯಲ್ಲಿ ಎಂಟು ದಿನ ಓಡಿತು. ಆಮೇಲೆ ಒಳಗೆ ಕಟಕಟ. ಬಿಚ್ಚಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರಿದೆ. ಮೊದಲು ಕಲ್ಲು ಸಿಕ್ಕಿದರೆ ಚೈನು ಜಾರುತ್ತಿತ್ತು, ಕಳಚುತ್ತಿತ್ತು. ಈಗ ಅದು ಗಟ್ಟಿ, ಪೆಟ್ಟೆಲ್ಲ ಗೇರಿಗೆ. ಸ್ಟೀಲ್ ಗೇರು ಹಾಕಿದರೆ ಆಗ ಗಾಡಿ ಸಿಕ್ಕಿಬಿದ್ದಲ್ಲಿ ಮೋಟಾರು ಕರೆಂಟು ಎಳೆದು ಬೋರ್ಡು ಸುಡಬಹುದು, ಫ್ಯೂಸ್ ಹಾಕುವ ಅಂದ ಮಗ.

ಹೋದ ಬೇಸಿಗೆಯಲ್ಲಿ 3 ಎಚ್‌ಪಿ ಪಂಪು ತೆಗೆದು 5 ಎಚ್‌ಪಿ ಕೂರಿಸಿದ್ದೆ. ಹದಿನೈದು ವರ್ಷದ ಪಿವಿಸಿ ಪೈಪು ಮೂರು ಕಡೆ ಜಾಯಿಂಟ್ ಬಿಟ್ಟಿತು, ಕೆಳಗಿನ ತೋಟಕ್ಕೆ ಒಂಬತ್ತು ದಿನ ನೀರಿಲ್ಲ. ಪೈಪು ಹಾಕಿದವನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಗೇರಿನ ಹಲ್ಲು ಅಂಗೈಯಲ್ಲಿ ಹಿಡಿದಾಗ ಅವನ ಮುಖ ನೆನಪಾಯಿತು. ಮೊನ್ನೆ ಪೇಟೆಯಲ್ಲಿ ಸಿಕ್ಕಿದ, ಕರೆದು ಚಾ ಕುಡಿಸಿದೆ. ಯಾಕಂತ ಅವನಿಗೆ ಗೊತ್ತಾಗಲಿಲ್ಲ.

ಟ್ಯಾಂಕು ಈಗ ಚಾವಡಿಯಲ್ಲಿ ಬಿಚ್ಚಿ ಬಿದ್ದಿದೆ. ಸ್ಟೀಲ್ ಗೇರ್‌ಬಾಕ್ಸು ಮಗ ಚೌತಿಗೆ ಬರುವಾಗ ತರುತ್ತಾನಂತೆ. ಎರಡು ದಿನ ರಜೆ ಹೆಚ್ಚು ಹಾಕಿದ್ದಾನೆ. ಕೆಳಗಿನ ತೋಟದ ಪೈಪ್‌ಲೈನನ್ನೂ ಒಮ್ಮೆ ನೋಡುವ ಅಂದ. ಅದರೊಳಗೆ ಬೋರ್ಡೊ ಮುಗಿಸಿ, ಆ ದಾರಿಯ ಹುಲ್ಲು ತೆಗೆಸಿ ಇಡಬೇಕು.