ಕೋಲಾರದ ಸೀಮೆಯಲ್ಲಿ ನಾಲ್ಕು ದಿನ

ಕೋಲಾರವೆಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಚಿನ್ನ. ಆ ಚಿನ್ನದ ಗಣಿಗಳು 2001ರಲ್ಲಿಯೇ ಮುಚ್ಚಿದುವು. ಈಚೆಗೆ ಆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ದಿನ ಸಂಚರಿಸುವ ಸಂದರ್ಭ ನನಗೊದಗಿತು. ಹೊರದೇಶದಿಂದ ಬಂದ ಕ್ರೈಸ್ತ ಸೇವಾತಂಡವೊಂದು ಅಲ್ಲಿಯ ವೃದ್ಧರನ್ನೂ ಬಡ ಮಕ್ಕಳನ್ನೂ ನೋಡಲು ಹೊರಟಿತ್ತು. ಅವರಿಗೊಬ್ಬ ದುಭಾಷಿ ಬೇಕಾಗಿದ್ದನು. ನಾನು ಆ ಮತದವನಲ್ಲ. ಸ್ನೇಹಿತರ ಮಾತನ್ನು ಮೀರಲಾರದೆ ಒಪ್ಪಿಕೊಂಡೆನು.

ಮೊದಲನೆಯ ದಿನ ಬೆಂಗಳೂರಿನಿಂದ ರೈಲಿನಲ್ಲಿ ಮಾಲೂರಿಗೆ ಬಂದೆವು. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ನಮ್ಮ ಮಾಸ್ತಿಯವರು ಹುಟ್ಟಿ ಬೆಳೆದ ಸೀಮೆಯೂ ಇದೇ. ಊರ ಹೊರಗೆ ಇಟ್ಟಿಗೆ ಸುಡುವ ಕೆಲಸಕ್ಕೆ ಬಂದಿದ್ದ ಕುಟುಂಬಗಳ ಮಕ್ಕಳು ನಮಗಾಗಿ ಸಾಲಾಗಿ ಕುಳಿತಿದ್ದರು. ಅತಿಥಿಗಳು ಪುಸ್ತಕ, ಪೆನ್ಸಿಲು, ಮಿಠಾಯಿಗಳನ್ನು ಹಂಚಿ, ಮಕ್ಕಳೊಡನೆ ನೆಲದ ಮೇಲೆಯೇ ಕುಳಿತು ಆಡಿದರು. ಹೊರಡುವಾಗ ಒಬ್ಬ ಹುಡುಗನು ನನ್ನ ಅಂಗಿಯನ್ನು ಹಿಡಿದು, “ಇವರು ನಾಳೆಯೂ ಬರ್ತಾರಾ?” ಎಂದು ಕೇಳಿದನು. ಆ ಮಾತನ್ನು ಮಾತ್ರ ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಎರಡನೆಯ ದಿನ ಕೋಲಾರ. ಕೋಲಾರಮ್ಮನ ಗುಡಿಯನ್ನೂ ಶತಶೃಂಗ ಪರ್ವತದ ಅಂತರಗಂಗೆಯನ್ನೂ ವಾಚಕರಲ್ಲಿ ಅನೇಕರು ನೋಡಿರಬಹುದು. ಆದರೆ ಈ ಊರಿನ ಇನ್ನೊಂದು ಕಥೆಯನ್ನು ಬಲ್ಲವರು ಕಡಿಮೆ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಘೋರವಾದ ಕ್ಷಾಮವು ಆವರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂದರೆ ಆ ಹಸಿವಿನ ಅಳತೆ ತಿಳಿದೀತು. ಆ ದಿನಗಳಲ್ಲಿ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆಯು ಕೋಲಾರದಲ್ಲಿ ತಬ್ಬಲಿ ಮಕ್ಕಳನ್ನು ಕೂಡಿಸಿಕೊಂಡು ಅನಾಥಾಲಯವನ್ನು ನಡೆಸಿದಳು. ಕ್ಷಾಮ ಮುಗಿಯಿತು, ಆಕೆಯ ಕೆಲಸ ಮುಗಿಯಲಿಲ್ಲ. ಹೊಟ್ಟೆ ತುಂಬಿದ ಮಗುವಿಗೆ ವಿದ್ಯೆ ಬೇಕು, ಬೆಳೆದವನಿಗೆ ಕಸುಬು ಬೇಕು, ನಿಲ್ಲಲು ನೆಲ ಬೇಕು. ಆಕೆಯು ಕಡೆಗೆ 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರಿಗೆ ಆ ಭಾರವನ್ನು ಒಪ್ಪಿಸಿದಳು. ಮುಂದೆ 1910ರ ಸುಮಾರಿಗೆ ಆ ಮಿಷನ್ನಿನವರು ಇಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಕಟ್ಟಿದರು. ಜನರ ಬಾಯಲ್ಲಿ ಅದು ಇ.ಟಿ.ಸಿ.ಎಂ. ಆಸ್ಪತ್ರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಹಾಗೆ ಬೆಳೆದ ಮಕ್ಕಳು ಪೋಷಿಸಿದವರ ಮತದಲ್ಲಿಯೇ ಬೆಳೆದರು. ಹಸಿದ ಮಗುವಿಗೆ ಮತವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೆಲ್ಲಿ ಎಂದು ಆಕ್ಷೇಪಿಸಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬೀದಿಯಲ್ಲಿ ಬಿದ್ದಿದ್ದ ಮಗುವನ್ನು ಎತ್ತಿಕೊಳ್ಳಲು ಏಳು ಸಮುದ್ರದಾಚೆಯಿಂದ ಒಬ್ಬಳು ಬರಬೇಕಾಯಿತಲ್ಲ ಎಂಬ ಪ್ರಶ್ನೆಯೂ ಅದರ ಜೊತೆಯಲ್ಲಿಯೇ ನಿಲ್ಲುತ್ತದೆ. ಆಕೆಯೂ ಪರದೇಶದಿಂದಲೇ ಬಂದವಳು. ಆದರೆ ಬಂದವಳು ನಿಂತಳು.

ಮೂರನೆಯ ದಿನ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದ ಮುಳಬಾಗಿಲಿಗೆ ಹೋದೆವು. ಆಂಜನೇಯನ ಗುಡಿಯ ಊರು, ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರು. ಆಂಧ್ರದ ಗಡಿ ಸಮೀಪವಾದುದರಿಂದ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ತೆಲುಗು. ಅತಿಥಿಗಳ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸಿದೆನು. ನನ್ನ ಕನ್ನಡವನ್ನು ಅಲ್ಲಿಯ ಉಪಾಧ್ಯಾಯರೊಬ್ಬರು ತೆಲುಗಿಗೆ ತಿರುಗಿಸಿದರು. ಒಬ್ಬ ಮುದುಕನಿಗೆ, “ನಿಮಗೆ ಏನು ಬೇಕು?” ಎಂಬ ಪ್ರಶ್ನೆ ಹೀಗೆ ಎರಡು ಬಾಗಿಲು ದಾಟಿ ತಲುಪಿತು. ಅವನು ಕೊಟ್ಟಿದ್ದ ಕಂಬಳಿಯನ್ನು ಮಡಿಲಿನಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದು, “ಸ್ವಲ್ಪ ಹೊತ್ತು ಕೂತುಕೊಳ್ಳಿ” ಎಂದನು.

ಇವನ ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲಿದ್ದಾರಂತೆ. ಅವರನ್ನು ದೂರುವುದು ಸುಲಭ. ಆದರೆ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿರಿಯರು ಕಟ್ಟಿದ ಸಾವಿರಾರು ಕೆರೆಗಳು ಮಳೆಯನ್ನೇ ನಂಬಿದುವು. ಕೊಳವೆಬಾವಿಯನ್ನು ಸಾವಿರ ಅಡಿ ಇಳಿಸಿದರೂ ನೀರು ಸಿಕ್ಕದ ಹೊಲಗಳುಂಟು. 2018ರಿಂದ ಬೆಂಗಳೂರಿನ ಬಳಸಿದ ನೀರನ್ನೇ ಶುದ್ಧಿಮಾಡಿ ಇಲ್ಲಿಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಹೊಲ ಅನ್ನವಿಕ್ಕದಿದ್ದರೆ ಹರೆಯದವರು ಪಟ್ಟಣಕ್ಕೆ ಹೋಗಲೇಬೇಕು, ಮುದುಕರು ಮನೆಗೆ ಕಾವಲಿರಲೇಬೇಕು.

ನಾಲ್ಕನೆಯ ದಿನ ಶ್ರೀನಿವಾಸಪುರ. ದಾರಿಯ ಎರಡು ಕಡೆಗಳಲ್ಲಿಯೂ ಮಾವಿನ ತೋಪುಗಳು ಹೂಬಿಟ್ಟು ಗಾಳಿಯೆಲ್ಲ ಘಮಘಮಿಸುತ್ತಿತ್ತು. ಈ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಪರದೇಶದವರನ್ನು ಪರರ ಮನೆಯ ಮುದುಕರ ಬಳಿಗೆ ಮೂರು ದಿನ ಕರೆದೊಯ್ದ ನಾನು ಅವರ ಮುಖವನ್ನು ನೋಡಿ ಮೂರು ವರ್ಷವಾಗಿತ್ತು! ಮಧ್ಯಾಹ್ನ ತಂಡದವರ ಅಪ್ಪಣೆ ಪಡೆದು ಒಬ್ಬನೇ ಹೋದೆನು.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣಿಗೆ ಕೈ ಮರೆಮಾಡಿ ನೋಡಿ, “ಯಾರು, ನೀನೇನಪ್ಪಾ? ದಾರಿ ತಪ್ಪಿ ಬಂದೆಯಾ?” ಎಂದರು.

“ಕೆಲಸದ ಮೇಲೆ ಬಂದಿದ್ದೆ, ಅತ್ತೆ” ಎಂದೆನು. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆನು.

ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮುದ್ದೆಯೂ ಅವರೆಕಾಳಿನ ಸಾರೂ ಬಡಿಸಿ, ನಾನು ಊಟಮಾಡುವವರೆಗೂ ಎದುರಿಗೆ ಕುಳಿತಿದ್ದರು. ಹೊರಡುವಾಗ ನಾನು, “ಹಣ್ಣಿನ ಕಾಲಕ್ಕೆ ಬರುತ್ತೇನೆ, ಅತ್ತೆ” ಎಂದೆನು.

“ಹಣ್ಣಿಗೆ ಎಲ್ಲರೂ ಬರುತ್ತಾರಪ್ಪಾ. ನೀನು ಅದಕ್ಕೆ ಮೊದಲೇ ಬಾ” ಎಂದರು.

ಅತಿಥಿಗಳು ಮರುದಿನ ವಿಮಾನವೇರಿದರು. ಅವರು ಕೊಟ್ಟ ಕಂಬಳಿ ಈ ಚಳಿಗಾಲಕ್ಕೆ ಒದಗಿತು. ಅಷ್ಟು ದೂರದಿಂದ ಬಂದು ಅವರು ಮಾಡಿದುದನ್ನು ಅಲ್ಪವೆನ್ನಲಾರೆ. ಆದರೆ ಮಾಲೂರಿನ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಲ್ಲ. ಎರಡು ಗಂಟೆಯ ಹಾದಿಯಲ್ಲಿರುವ ನಾವು. ವಾಚಕರ ಮನೆಗಳಲ್ಲಿಯೂ ಯಾವುದಾದರೂ ಹಳ್ಳಿಯ ಜಗಲಿಯ ಮೇಲೆ ಕಾದಿರುವ ಒಬ್ಬ ಅತ್ತೆ, ಒಬ್ಬ ಚಿಕ್ಕಪ್ಪ ಇದ್ದಾರು. ಮಾವು ಹಣ್ಣಾಗುವುದಕ್ಕೆ ಇನ್ನೂ ದಿನಗಳಿವೆ.